ಶನಿವಾರದ ಜಡೆ

ಪಕ್ಕದ ಮನೆಯವರು ಇವತ್ತು ಬೆಳಿಗ್ಗೆ ಎಣ್ಣೆ ಕಾಯಿಸಿದರು. ಕೊಬ್ಬರಿ ಎಣ್ಣೆಗೆ ದಾಸವಾಳದ ಎಲೆ, ಮೆಂತ್ಯ ಹಾಕಿ ಕುದಿಸಿದಾಗ ಏಳುವ ಘಮ ನರಸಿಂಹರಾಜಪುರದ ನನ್ನ ಬಾಡಿಗೆ ಮನೆಯ ತುಂಬ ಹರಡಿತು. ಎದ್ದು ಕಿಟಕಿ ಹಾಕಿದೆ. ಸೆಕೆಯಾಯಿತು, ಮತ್ತೆ ತೆಗೆದೆ. ಆಮೇಲೆ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ. ಅಕ್ಕ ತಲೆಯೊಳಗೆ ಬಂದು ಕೂತುಬಿಟ್ಟಿದ್ದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಬಾಳಗಡಿಯಲ್ಲಿ ಕಾಲೇಜಿಗೆ ಹೋಗುವಾಗ ನಾನಿದ್ದ ಹಾಸ್ಟೆಲ್ಲಿನ ಸೀನಿಯರ್. ಅಲ್ಲಿದ್ದವರೆಲ್ಲ ದಲಿತ ಕಾಲೊನಿಗಳಿಂದ ಬಂದ ಹುಡುಗಿಯರು. ಅಪ್ಪ ಅಮ್ಮ ಯಾರದೋ ತೋಟದಲ್ಲಿ ಕೂಲಿ. ಶನಿವಾರ ಅರ್ಧ ದಿನ ಕಾಲೇಜು. ಊಟ ಮುಗಿದ ಮೇಲೆ ಅಕ್ಕ ಹಿಂಬದಿಯ ಮೆಟ್ಟಿಲ ಮೇಲೆ ಎಣ್ಣೆ ಬಟ್ಟಲು ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಕೆಳಗಿನ ಮೆಟ್ಟಿಲಲ್ಲಿ ಒಬ್ಬಳು, ಅವಳ ಕೆಳಗೆ ಇನ್ನೊಬ್ಬಳು... ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚಿ ಜಡೆ ಹಾಕಬೇಕು. ಹೊಸಬಳು ಮೊದಲ ದಿನ ಅಕ್ಕನ ಕೈಯಲ್ಲೇ ಹಚ್ಚಿಸಿಕೊಳ್ಳಬೇಕು. ಅಲ್ಲಿಗೆ ಅವಳು ನಮ್ಮವಳು. ಆಮೇಲೆ ಅವಳ ನೋಟ್ಸು, ಜ್ವರ, ಜಗಳ ಎಲ್ಲವೂ ನಮ್ಮದೇ.

ಹೊರಗಿನವರಿಗೆ ಇದು ಸಣ್ಣ ವಿಷಯ. ನಾನು ಓದಿದ ಶಾಲೆಯಲ್ಲಿ ಒಮ್ಮೆ ಡ್ಯಾನ್ಸಿಗೆಂದು ಟೀಚರ್ ಸಾಲಾಗಿ ಎಲ್ಲರ ಜಡೆ ಹಾಕುತ್ತಾ ಬಂದವರು, ನನ್ನ ಹತ್ತಿರ ಬಂದಾಗ ಬಾಚಣಿಗೆಯನ್ನು ಕೈಗೆ ಕೊಟ್ಟು, "ನಿಂಗೆ ಬರುತ್ತಲ್ಲ, ನೀನೇ ಹಾಕ್ಕೋ" ಎಂದಿದ್ದರು. ನನಗೆ ಬರುತ್ತಿರಲಿಲ್ಲ. ಅಮ್ಮನನ್ನು ಬಿಟ್ಟರೆ ನನ್ನ ತಲೆ ಮುಟ್ಟಿದ ಮೊದಲ ಕೈ ಅಕ್ಕನದು. ಆ ಮೆಟ್ಟಿಲ ಮೇಲೆ ಕೂತಾಗ ಮಾತ್ರ ಯಾರಿಗೆ ಏನನ್ನಿಸುತ್ತದೋ ಎಂದು ಅಳೆದು ಮಾತಾಡಬೇಕಿರಲಿಲ್ಲ.

ಅಂಥಲ್ಲಿಗೆ ಮೆಣಸೆ ಎಂಬ ಊರಿನ ಹುಡುಗಿಯೊಬ್ಬಳು ಬಂದಳು. ನನ್ನ ಕ್ಲಾಸಿನವಳೇ. ಅಪ್ಪ ಪುರೋಹಿತರು, ಸ್ವಂತ ತೋಟ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಒಂದು ಶನಿವಾರ ಗೇಟಿನ ಹತ್ತಿರ ನಿಂತು ನೋಡುತ್ತಿದ್ದವಳು ಒಳಗೇ ಬಂದು, "ಅಕ್ಕ, ನಂಗೂ ಹಚ್ತೀರಾ?" ಎಂದು ಕೇಳಿಯೇಬಿಟ್ಟಳು. ನನಗೆ ಮೈ ಉರಿಯಿತು. ಎಲ್ಲ ಕಡೆ ಜಾಗ ಇರುವವಳಿಗೆ ನಮ್ಮ ಈ ನಾಲ್ಕು ಮೆಟ್ಟಿಲೂ ಬೇಕಾ? ಅಕ್ಕ ಅವಳನ್ನು ಒಂದು ಸಲ ನೋಡಿ, "ಕೂತ್ಕೊ" ಎಂದಳು, ಅಷ್ಟೇ.

ಐದಾರು ವಾರ ಬಂದಳು. ಹಚ್ಚಿಸಿಕೊಂಡಳು, ಹಚ್ಚಿದಳು ಕೂಡ. ನನ್ನ ತಲೆಗೂ ಹಚ್ಚಿದ್ದಾಳೆ. ಕೈ ಮೆತ್ತಗಿತ್ತು, ಅದನ್ನು ಒಪ್ಪಿಕೊಳ್ಳಲು ಆಗ ನನಗೆ ಮನಸ್ಸಿರಲಿಲ್ಲ. ಶನಿವಾರ ಹಚ್ಚಿದ ಎಣ್ಣೆ ಮರುದಿನದವರೆಗೆ ತಲೆಯಲ್ಲಿರಬೇಕು, ಸ್ನಾನ ಏನಿದ್ದರೂ ಭಾನುವಾರ ಎನ್ನುವುದು ನಮ್ಮ ಕ್ರಮ. ಒಂದು ದಿನ ಯಾರೋ, ಇಷ್ಟು ಹಚ್ಚಿದರೂ ನಿನ್ನ ಕೂದಲು ಒಣಗಿಕೊಂಡೇ ಇದೆಯಲ್ಲ ಎಂದರು. ಅವಳು ನಗುತ್ತಲೇ ಹೇಳಿದಳು: "ಎಂತ ಮಾಡೂದು, ಹಾಸ್ಟೆಲಿಗೆ ಹೋಗಿದ್ದೆ ಅಂದ್ರೆ ಅಜ್ಜಿ ಸೀದಾ ಬಚ್ಚಲಿಗೆ ಕಳಿಸ್ತಾರೆ. ತಲೆಗೆ ನೀರು ಹಾಕ್ಕೊಳ್ದೆ ಒಳಗೆ ಸೇರ್ಸಲ್ಲ."

ಏನು ಹೇಳಿದೆನೆಂದು ಅವಳಿಗೆ ಆಮೇಲೆ ಹೊಳೆದಿರಬೇಕು, ಕಿವಿ ಕೆಂಪಾಯಿತು. ಅಕ್ಕ ಅವಳ ಜಡೆಯನ್ನು ತುದಿಯವರೆಗೂ ಹೆಣೆದು ರಬ್ಬರ್ ಬ್ಯಾಂಡ್ ಹಾಕಿ, "ಬಸ್ಸಿಗೆ ಹೊತ್ತಾಯ್ತು, ಹೊರಡು. ಮುಂದಿನ ವಾರ ಬಾ" ಎಂದಳು.

ಅವಳು ಹೋದದ್ದೇ ತಡ, ನಾನು ಹರಿಹಾಯ್ದೆ. ನಾವು ಮುಟ್ಟಿದ್ದನ್ನು ತೊಳೆದುಕೊಳ್ಳುವವಳನ್ನು ಮತ್ತೆ ಕರೆಯುವುದಕ್ಕೆ ನಾಚಿಕೆ ಆಗುವುದಿಲ್ಲವಾ ಎಂದೆ. ಅಕ್ಕನಿಗೆ ಎದುರಾಡಿದ್ದು ಅದೇ ಮೊದಲು. ಅವಳು ಸಿಟ್ಟಾಗಲಿಲ್ಲ. "ಅವಳು ಹೇಳಿದ್ಲಲ್ಲ ಮಾರಾಯ್ತಿ. ಉಳಿದೋರು ಹೇಳ್ದೆ ತೊಳ್ಕೊಳ್ತಾರೆ. ನಮ್ಗೆ ಹೇಳಿದೋಳು ಒಂದಿನ ಅಜ್ಜಿಗೂ ಹೇಳ್ತಾಳೆ. ಕಾಯೋಣ."

ನನಗೆ ಕಾಯುವ ಮನಸ್ಸಿರಲಿಲ್ಲ. ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದೆ. ಮುಂದಿನ ಶನಿವಾರ ಕ್ಲಾಸು ಬಿಟ್ಟ ಕೂಡಲೇ ಅವಳನ್ನು ಪಕ್ಕಕ್ಕೆ ಕರೆದು, "ಇನ್ನು ಬರಬೇಡ ಅಂತ ಅಕ್ಕ ಹೇಳಿದ್ಲು" ಎಂದೆ. ಸುಳ್ಳು. ಅವಳು ಏನೋ ಹೇಳಲು ಬಾಯಿ ತೆರೆದಳು, ಹೇಳಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಅಕ್ಕ ಅವತ್ತು ತನ್ನ ಕೆಳಗಿನ ಮೆಟ್ಟಿಲನ್ನು ಖಾಲಿ ಬಿಟ್ಟು ಕೂತಿದ್ದಳು. ಅದರ ಮುಂದಿನ ವಾರವೂ... ಮೂರನೇ ವಾರ ನನ್ನನ್ನೇ ಅಲ್ಲಿ ಕೂರಿಸಿಕೊಂಡು, "ನೀನು ಹೇಳಿದ್ದೇ ಸರಿ ಕಣೇ" ಎಂದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಗಿತ್ತು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಅಸ್ಸಾಂನಿಂದ ಎಸ್ಟೇಟ್ ಕೆಲಸಕ್ಕೆ ಬಂದವರ ಮಗಳೊಬ್ಬಳು ಕಾಲೇಜಿಗೆ ಸೇರಿದ್ದಳು. ಕನ್ನಡ ಅಷ್ಟಕ್ಕಷ್ಟೇ, ಜೊತೆಗಾರರಿಲ್ಲ. ಒಂದು ಶನಿವಾರ ಅವಳೂ ಗೇಟಿನ ಹತ್ತಿರ ಬಂದು ನಿಂತಳು. ಕರೆಯಲಾ ಎಂದು ಯಾರೋ ಕೇಳಿದರು. ಅಕ್ಕ ತಲೆ ಎತ್ತಲಿಲ್ಲ. "ಬೇಡ. ಬರ್ತಾರೆ, ಹೋಗ್ತಾರೆ." ಅದು ಅಕ್ಕ ಆಡುವ ಮಾತಲ್ಲ, ನಾನು ಕಲಿಸಿದ್ದು. ಆ ಹುಡುಗಿ ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಹೇಳಬೇಕೆಂದು ಎಷ್ಟು ಸಲ ಹೊರಟೆನೋ... ಹೋದ ವರ್ಷ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ಅರ್ಧ ದಿನ ಕೂತಿದ್ದೆ. ಕಿತ್ತಳೆ ಸುಲಿದು ಕೊಟ್ಟೆ, ಊರ ಸುದ್ದಿಯೆಲ್ಲ ಹೇಳಿದೆ, ಇದೊಂದನ್ನು ಬಿಟ್ಟು. ಎರಡು ವಾರದಲ್ಲಿ ಅಕ್ಕ ತೀರಿಕೊಂಡಳು.

ಇವತ್ತು ಮಧ್ಯಾಹ್ನ ತಡೆಯಲಾಗದೆ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ನಂಬರ್ ಹುಡುಕಿ ಮೆಣಸೆಯವಳಿಗೆ ಫೋನ್ ಮಾಡಿದೆ. ಅಕ್ಕ ಬೇಡ ಅಂದಿರಲಿಲ್ಲ, ನಾನೇ ಸುಳ್ಳು ಹೇಳಿದೆ ಎಂದು ಒಂದೇ ಉಸಿರಿಗೆ ಒದರಿದೆ. ಬಯ್ಯಲಿ ಎಂದು ಕಾದೆ.

"ಆ ವಾರ ಅಜ್ಜಿ ಹತ್ರ ಜಗಳ ಆಡಿದ್ದೆ," ಎಂದಳು. "ಇನ್ನು ತಲೆ ತೊಳ್ಕೊಳ್ಳಲ್ಲ ಅಂತ ಹಟ ಹಿಡಿದು ಒಪ್ಸಿದ್ದೆ. ಅಕ್ಕಂಗೆ ಹೇಳ್ಬೇಕು ಅಂತಲೇ ಅವತ್ತು ಹಾಸ್ಟೆಲಿಗೆ ಹೊರಟಿದ್ದೆ."

ನಾನು ಎದ್ದು ಮತ್ತೆ ಕಿಟಕಿ ಹಾಕಿದೆ.

"ಹೋಗ್ಲಿ ಬಿಡು. ಅಕ್ಕನ ನಂಬರ್ ಕೊಡು, ಈಗಲೇ ಹೇಳ್ತೇನೆ."

ಅಕ್ಕ ಇಲ್ಲ ಎನ್ನುವುದನ್ನೂ ನಾನೇ ಹೇಳಬೇಕಾಯಿತು.