ಧರೆಪ್ಪನ ಬಾವಲಿ, ಸುಂದರಾಳ ಶಾಲು

ಅಲಖನೂರಿನ ಸಕ್ಕುಬಾಯಿಗೆ ಪಕ್ಕದ ಹೊಲದ ಸುಂದರಾಳ ಹೆಗಲ ಮೇಲಿನ ಶಾಲು ಕಂಡರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂಗಾಗುತ್ತಿತ್ತು. ಬಾವಲಿ ಕಾಯ್ದವಳು ಅಂತ ಪಂಚಾಯ್ತಿಯವರು ಹೊದಿಸಿದ ಶಾಲು. ಬಾವಲಿ ಕಾಯ್ದವನು ಸಕ್ಕುಬಾಯಿಯ ಗಂಡ ಧರೆಪ್ಪ. ಅವನು ಹೋದ ಮಳೆಗಾಲದಲ್ಲಿ ತೀರಿಕೊಂಡ. ಶಾಲು ಬಂದಿದ್ದು ಆಮೇಲೆ.

ಇಬ್ಬರ ಹೊಲದ ನಡುವಿನ ಬದುವಿನಲ್ಲಿ ಒಂದು ಆಲದ ಗಿಡ. ಅದರ ತುಂಬ ಬಾವಲಿ ಜೋತುಬಿದ್ದಿರುತ್ತವೆ. ಮೊದಲು ದ್ರಾಕ್ಷಿ ತೋಟದವರು ಹಣ್ಣು ತಿನ್ನುತ್ತವೆ ಅಂತ ಪಟಾಕಿ ಹಾರಿಸಿ ಓಡಿಸುತ್ತಿದ್ದರು. ಧರೆಪ್ಪ ಕೈ ಮುಗಿದು, ಜಗಳ ತೆಗೆದು, ಅದನ್ನು ನಿಲ್ಲಿಸಿದ. ಈಗ ಪುಣೆಯ ಒಂದು ಸಂಸ್ಥೆ ತೋಟಗಳಿಗೆ ಬಳ್ಳಿಯ ಮೇಲೆ ಹೊದಿಸಲು ಬಲೆ ಕೊಡುತ್ತದೆ. ಬಲೆಯ ಖರ್ಚು ಸಕ್ಕರೆ ಕಾರಖಾನೆಯದು. ಗಿಡ ಕಾಯಲು ಪಂಚಾಯ್ತಿ ಸುಂದರಾಳನ್ನು ಹಚ್ಚಿದೆ. ಬುಡದಲ್ಲಿ ಒಂದು ಫಲಕ. ಅದರಲ್ಲಿ ಎಲ್ಲರ ಹೆಸರಿತ್ತು, ಧರೆಪ್ಪನದಿರಲಿಲ್ಲ.

ಒಂದು ದಿನ ಸುದ್ದಿ ಬಂತು, ಮರುದಿನ ಕಾರಖಾನೆಯ ಸಾಹೇಬರು ಬರುತ್ತಾರೆ ಅಂತ. ಬಾವಲಿ ನೋಡಿ, ಮುಂದೆ ಖರ್ಚು ಕೊಡಬೇಕೋ ಬೇಡವೋ ಹೇಳುವವರು.

ಸಕ್ಕುಬಾಯಿ ಜೋಳದ ಹೊಲದಲ್ಲಿ ಗಿಳಿ ಓಡಿಸಿ ಬೆಳೆದವಳು. ಒಂದು ಕಡೆ ಡಬ್ಬಿ ಬಡಿದರೆ ಗಿಳಿ ಎದ್ದು ಇನ್ನೊಂದು ಕಡೆ ಕೂಡುತ್ತವೆ. ಬಾವಲಿಯನ್ನೂ ಹಾಗೇ ಸುಂದರಾಳ ಕಡೆಯ ಟೊಂಗೆಯಿಂದ ಎಬ್ಬಿಸಿ ತನ್ನ ಕಡೆ ಕೂಡಿಸಿದರೆ ಸಾಹೇಬರು ತನ್ನ ಹೊಲಕ್ಕೇ ಬರಬೇಕಲ್ಲ. ಆಗ ಕೇಳುವುದು, ನನ್ನ ಗಂಡನ ಹೆಸರು ಎಲ್ಲಿ ಅಂತ. ಅವತ್ತೇ ಮಧ್ಯಾಹ್ನ ಎಣ್ಣೆ ಡಬ್ಬಿ ತಂದು, ಸುಂದರಾಳ ಕಡೆ ನಿಂತು ಬಡಿದಳು.

ಎಲ್ಲಾ ಎದ್ದವು. ಎರಡೂ ಕಡೆಯವು. ಬಿಸಿಲಿನಲ್ಲಿ ಕಪ್ಪಗೆ ಸುತ್ತಿದವು, ಕೆಲವು ಎದೆಗೆ ಮರಿ ಅವಚಿಕೊಂಡು. ಒಂದೂ ಕೂಡಲಿಲ್ಲ. ಸಕ್ಕುಬಾಯಿಯ ಕೈಯಿಂದ ಡಬ್ಬಿ ಬಿತ್ತು. ಇವು ಹೋದರೆ ಧರೆಪ್ಪನದು ಅನ್ನುವಂಥದ್ದು ಊರಲ್ಲಿ ಏನೂ ಉಳಿಯುವುದಿಲ್ಲ.

ಸಕ್ಕುಬಾಯಿಯನ್ನು ಅತ್ತಿಗೆ ಅಂತ ಕರೆಯುವ ಸುಂದರಾ ಓಡಿ ಬಂದಳು.

"ಏನ ಮಾಡಿದಿ ವೈನಿ! ಇವೇನ ಗಿಳಿ ಅಂತ ತಿಳದಿ?"

"ಹೌದಬೇ, ತಿಳದೆ. ಹೋಗ, ನಿನ್ನ ಶಾಲ ಹೊದ್ಕೊಂಡ ಕುಂಡ್ರ."

"ಶಾಲ ಆಮ್ಯಾಲ. ಈಗ ಬಾಯಿ ಮುಚ್ಚಿ ಬುಡಕ ಕುಂಡ್ರ. ಸುಮ್ನ ಕುಂತ್ರ ತಿರಗಿ ಬರ್ತಾವಂತ ಧರೆಪ್ಪಣ್ಣ ಹೇಳತಿದ್ದ."

"ನಿನಗ ಯಾವಾಗ ಹೇಳಿದ್ದ?"

"ದಿನಾ ಹೇಳತಿದ್ದ. ಮೊದಲ ನಿನ್ನ ಮುಂದನ ಹೇಳಾಕ ಬರ್ತಿದ್ದ. ನೀ ಏನಂತಿದ್ದಿ? ಬಾವಲಿ ಹೊಲಸ ನಾರತಿ, ಜಳಕಾ ಮಾಡ ಹೋಗ ಅಂತಿದ್ದಿ."

ಸಕ್ಕುಬಾಯಿ ಕುಂತಳು. ಶಾಲಿನ ಉರಿ ಏನೂ ಅಲ್ಲ ಅನ್ನುವಂಥ ಉರಿ ಈಗ ಹತ್ತಿತು. ಗಂಡನ ಮಾತೆಲ್ಲ ಈಕೆಯ ಹತ್ತಿರ ಇತ್ತು. ತನ್ನ ಹತ್ತಿರ ಅವನು ತಲೆಗೆ ಸುತ್ತುತ್ತಿದ್ದ ಹರಿದ ಪಟಕಾ ಮತ್ತು ಚಪ್ಪಲಿ.

ಬಾವಲಿಗಳು ಒಂದೊಂದೇ ಬಂದು ಜೋತುಬಿದ್ದವು.

ಮರುದಿನ ಸಂಸ್ಥೆಯ ಹುಡುಗಿ ನೀಲಮ ಸಾಹೇಬರನ್ನು ಕರೆತಂದಳು. ಸಾಹೇಬರು ಮೇಲೆ ನೋಡಿ, "ಇಷ್ಟ ವರ್ಷ ಯಾರ ಕಾಯ್ದ್ರಿ?" ಅಂದರು.

"ನನ್ನ ಗಂಡ್ರಿ," ಅಂದಳು ಸಕ್ಕುಬಾಯಿ, ಸುಂದರಾ ಬಾಯಿ ತೆರೆಯುವ ಮೊದಲೇ.

"ಹೆಂಗ ಕಾಯತಿದ್ರು, ಸ್ವಲ್ಪ ಹೇಳ್ರಿ ಕಾಕು," ಅಂದಳು ನೀಲಮ ಸಕ್ಕುಬಾಯಿಗೆ.

ಸಕ್ಕುಬಾಯಿಗೆ ಏನೂ ಗೊತ್ತಿರಲಿಲ್ಲ. ಸುಂದರಾ ಹೇಳಿದಳು: ಪಟಾಕಿ ಹಿಡಿದು ಬಂದವರ ಮುಂದೆ ಅಡ್ಡ ಮಲಗಿದ್ದು, ಬಿದ್ದ ಮರಿಗೆ ತನ್ನ ಪಟಕಾ ಹರಿದು ಜೋಳಿಗೆ ಕಟ್ಟಿದ್ದು. ಪಟಕಾ ಹರಿದದ್ದು ಯಾಕೆ ಅಂತ ಹೆಂಡತಿಗೆ ತಿಳಿದದ್ದು ಅವತ್ತು, ಮಂದಿಯ ಜೊತೆ ನಿಂತು.

ಕಾರಖಾನೆಯವರು ಮುಂದೂ ಬಲೆ ಕೊಡಲು ಒಪ್ಪಿದರು. ಫಲಕದಲ್ಲಿ ಧರೆಪ್ಪನ ಹೆಸರು ಬಂತು, ಎಲ್ಲಕ್ಕಿಂತ ಮೇಲೆ. ಸುಂದರಾಳೇ ಹಟ ಹಿಡಿದು ಬರೆಸಿದಳು. ಅದಕ್ಕೂ ಸಕ್ಕುಬಾಯಿಗೆ ಉರಿಯಿತು.

ಈಗ ದಿನಾ ಸಂಜೆ ಬಾವಲಿ ಹಾರುವ ಹೊತ್ತಿಗೆ ಅವಳು ಗಿಡದ ಬುಡಕ್ಕೆ ಹೋಗುತ್ತಾಳೆ. ಸುಂದರಾಳ ಮೇಲಿನ ಪ್ರೀತಿಗಲ್ಲ.

"ಹೇಳ. ಮತ್ತೇನ ಅಂದಿದ್ದ ಅಂವ?"

"ಚಹಾ ತಂದಿ ಏನ?"

"ತಂದೇನಿ. ಹೇಳ."

"ಸಕ್ರಿ ಕಡಿಮಿ ಹಾಕಿದಿ ವೈನಿ," ಅಂದು ಸುಂದರಾ ನಿಧಾನ ಕುಡಿಯುತ್ತಾಳೆ. ಸಕ್ಕುಬಾಯಿ ಅವಳ ಬಾಯಿಯನ್ನೇ ನೋಡುತ್ತ ಕೂಡುತ್ತಾಳೆ.