ಸರ್ ದನಿಯಲ್ಲೊಂದು ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಫೋನ್ ಮಾಡಿದ ಮಂಗ ನಾನೇ.

ತಂಗಿ ಎಂ.ಎಸ್ಸಿ. ಕೌನ್ಸೆಲಿಂಗಿಗೆ ಹುಬ್ಬಳ್ಳಿಗೆ ಹೊರಟಿದ್ದಳು. ಅವಳ ಮಾರ್ಕ್ಸು ಕಟಾಫ್ ಗೆರೆಯ ಮೇಲೆ ಕಾಲಿಟ್ಟು ನಿಂತ ಬಗೆಯದು. ಸೀಟು ಸಿಕ್ಕೀತು, ಸಿಗದೆಯೂ ಹೋದೀತು. ಹನ್ನೆರಡಕ್ಕೆ ಹೆಸರು ಕರೆದಾಗ ಎದುರಿಗಿಲ್ಲದಿದ್ದರೆ ಮಾತ್ರ ಖಂಡಿತ ಇಲ್ಲ. ವಾರದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ನನ್ನದು ಬೇರೆ ಕಥೆ. ಎರಡು ವರ್ಷದ ಹಿಂದೆ ಒಂದು ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತ ನನ್ನ ಫೈಲನ್ನು ಬಿಚ್ಚಿ, "ಈ ಮಾರ್ಕ್ಸಿಗೆ ಇಲ್ಲಿ ನಿಲ್ಲಾಕೂ ಜಾಗಾ ಇಲ್ಲ" ಎಂದು ವಾಪಸ್ ತಳ್ಳಿದ್ದ. ಮನೆಗೆ ಬಂದು ಅವನ ದನಿಯಲ್ಲೇ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೆ. ತಂಗಿ ನಕ್ಕಿರಲಿಲ್ಲ. ಆಮೇಲಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ವಾಲಿಬಾಲ್ ಪಂದ್ಯಗಳಿಗೆ ಕಾಮೆಂಟರಿ ಹೇಳುತ್ತೇನೆ. "ಮೈಕು ಮಾರ್ಕ್ಸ್ ಕಾರ್ಡ್ ಕೇಳುದಿಲ್ಲ" ಎನ್ನುವುದು ನನ್ನ ಮಾತು. "ಅದು ಮೈಕಿನ ಪುಣ್ಯ" ಎನ್ನುವುದು ಅಮ್ಮನದು.

ಆ ಬೆಳಿಗ್ಗೆ ತಂಗಿಯನ್ನು ಶಿರಸಿಯಲ್ಲಿ ಬಸ್ಸು ಹತ್ತಿಸಿ ನಮ್ಮೂರು ಇಸಳೂರಿಗೆ ಬಂದವನಿಗೆ ನಾಲಿಗೆ ತುರಿಸಿತು. ಅವಳಿಗೆ ಗೊತ್ತಿಲ್ಲದ ಹೊಸ ಸಿಮ್ಮಿನಿಂದ ಫೋನು ಹಚ್ಚಿದೆ. ನಮ್ಮಿಬ್ಬರಿಗೂ ಪಾಠ ಹೇಳಿದ ಕೆಮಿಸ್ಟ್ರಿ ಸರ್ ಬನವಾಸಿ ಕಡೆಯವರು, ನಾಯಿಮರಿಗೂ 'ಬರ್ರಿ' ಎನ್ನುವವರು. ಅವರ ದನಿ ನನಗೆ ನೀರು ಕುಡಿದ ಹಾಗೆ.

"ನಾ ನಿಮ್ ಸರ್ ರೀ. ಹುಬ್ಬಳ್ಳಿಯವ್ರನ್ನ ಕೇಳಿದೆ. ನಿಮ್ಮ ಮಾರ್ಕ್ಸಿಗೆ ಅಲ್ಲಿ ನಿಲ್ಲಾಕೂ ಜಾಗಾ ಇಲ್ಲಂತ. ಸುಮ್ನ ವಾಪಸ್ ಬರ್ರಿ."

"ಹೌದಾ ಸರ್..." ಅವಳ ದನಿ ನೂಲಿನಷ್ಟಾಯಿತು.

ಇನ್ನೇನು ನನ್ನ ಸ್ವಂತ ದನಿಗೆ ಬಂದು "ಹೆದ್ರಿದ್ಯಾ?" ಅನ್ನಬೇಕು, ಲೈನು ತುಂಡಾಯಿತು. ಬಸ್ಸು ಯಲ್ಲಾಪುರದ ಕಾಡು ಹೊಕ್ಕಿತ್ತು. ಅಲ್ಲಿ ನೆಟ್‌ವರ್ಕ್ ಇಲ್ಲ. ಮತ್ತೆ ಹಚ್ಚಿದೆ. 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.' ಆ ಹೆಂಗಸಿನ ದನಿಯನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಅವತ್ತು ಮಾಡಲಿಲ್ಲ.

ಬೈಕು ತೆಗೆದೆ. ಜೋಕಿನ ಅರ್ಧ ಅವಳ ಕಿವಿಯಲ್ಲಿ, ಉಳಿದರ್ಧ ನನ್ನ ಗಂಟಲಲ್ಲಿ. ಎದುರಿಗೆ ಶಿರಸಿ ಬಸ್ಸು ಬಂದಾಗಲೆಲ್ಲ ವೇಗ ತಗ್ಗಿಸಿ ಒಂದೊಂದು ಕಿಟಕಿಯನ್ನೂ ನೋಡಿದೆ, ವಾಪಸ್ ಹೊರಟೇಬಿಟ್ಟಳೋ ಎಂದು. ಒಬ್ಬ ಡ್ರೈವರ್ ಬೈದ. ಅವನ ಬೈಗುಳವೂ ನೆನಪಿನಲ್ಲಿ ನಿಲ್ಲಲಿಲ್ಲ; ನನ್ನ ಮಟ್ಟಿಗೆ ಇದು ದೊಡ್ಡ ಸಂಗತಿ.

ಯಲ್ಲಾಪುರ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದಳು, ಫೈಲು ಎದೆಗೊತ್ತಿಕೊಂಡು. ಅವಳು ಬಂದ ಬಸ್ಸು ಹೋಗಿಯಾಗಿತ್ತು.

"ಫೋನ್ ಮಾಡಿದ್ದು ನಾನು," ಎಂದೆ. ಯಾರ ದನಿಯೂ ಬರಲಿಲ್ಲ, ನನ್ನದೇ ಬಂತು.

"ಗೊತ್ತಾತು. ವಾಪಸ್ ಹೋಗುದು ಅಂತ ಇಳ್ದೆ. ಇಲ್ಲಿ ನೆಟ್‌ವರ್ಕ್ ಬಂದ್ಮೇಲೆ ಸರ್‌ಗೇ ಮಾಡ್ದೆ. 'ನಾ ಎಲ್ಲಿ ಫೋನ್ ಮಾಡೇನ್ರೀ? ನಡೀರಿ ಹುಬ್ಬಳ್ಳಿಗೆ' ಅಂದ್ರು."

ಅಷ್ಟರಲ್ಲಿ ಮುಂದಿನ ಹುಬ್ಬಳ್ಳಿ ಬಸ್ಸು ಬಂತು. ನಾನು ಬಾಗಿಲಲ್ಲೇ ನಿಂತು ಕಂಡಕ್ಟರನ್ನು ಕೇಳಿದೆ: "ಹನ್ನೆರಡರೊಳಗೆ ಮುಟ್ತದಾ?"

"ಮುಟ್ಟತೈತಿ, ನೀವ್ ಬಾಗ್ಲಾ ಬಿಟ್ರ."

ತಂಗಿ ಹತ್ತಿ ಕಿಟಕಿ ಪಕ್ಕ ಕೂತಳು. ಕ್ಷಮೆ ಕೇಳಿ ಸುಮ್ಮನಿರಬೇಕಿತ್ತು. ಆದರೆ ಬಾಯಿ ನನ್ನದಲ್ಲವೇ?

"ಅಷ್ಟಕ್ಕೂ ಮಾರ್ಕ್ಸಿಂದ ಎಂತ ಆಗ್ತದೆ ಮಾರಾಯ್ತಿ? ನನ್ನ ನೋಡು. ನನ್ನ ಬದುಕು ಎಲ್ಲಾದ್ರೂ ನಿಂತು ಹೋಯ್ತಾ?"

ಬಸ್ಸು ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ದನಿ ಸರ್‌ದು ಸಮಾ ಬಂದಿತ್ತು ಅಣ್ಣ. ಮಾರ್ಕ್ಸ್ ಮಾತ್ರ ನಿಂದು ಹೇಳ್ಬಿಟ್ಟೆ."