ಸಂಕಪ್ಪನವರನ್ನು ಎರಡನೇ ಸಲ ಯಾರೂ ಕೇಳಲಿಲ್ಲ

ಮುಲ್ಕಿ ಕಡೆಯ ಸಂಕಪ್ಪನವರಿಗೆ ವಯಸ್ಸು ಐವತ್ತರ ಹತ್ತಿರ ಬಂದರೂ 'ಬೇಕು' ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಬೇಡ ಎನ್ನುವುದಕ್ಕೆ ತುಳುವಿನಲ್ಲಿ 'ಬೊಡ್ಚಿ' ಎನ್ನುತ್ತಾರೆ. ಅದು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ತಪ್ಪು ಅವರೊಬ್ಬರದ್ದೇ ಅಲ್ಲ. ಅವರು ಬೆಳೆದ ಕಡೆ ಒಂದೇ ಸಲಕ್ಕೆ ಹೂಂ ಎಂದವನು ಬಕಾಸುರ. ಮೊದಲ ಬೊಡ್ಚಿ ಮರ್ಯಾದೆಗೆ, ಎರಡನೆಯದು ಆ ಮರ್ಯಾದೆ ಇನ್ನೂ ಉಳಿದಿದೆ ಎಂದು ತೋರಿಸುವುದಕ್ಕೆ. ಮೂರನೇ ಸಲ ಕೇಳಿದಾಗ "ನೀವು ಇಷ್ಟು ಹೇಳುವಾಗ..." ಎಂದು ಒಪ್ಪಿಕೊಳ್ಳಬೇಕು. ಮದುವೆ ಊಟದಲ್ಲಿ ಎರಡೂ ಕೈ ಅಡ್ಡ ಹಿಡಿದು ಎಲೆ ಮುಚ್ಚಿಕೊಂಡರೂ ಬಡಿಸುವವನು ಬೆರಳ ಸಂದಿಯಿಂದಲೇ ಪಾಯಸ ಹೊಯ್ಯಬೇಕು. ಹೊಯ್ಯದೆ ಮುಂದಕ್ಕೆ ಹೋದವನನ್ನು ಸಂಕಪ್ಪನವರು ಜನ್ಮದಲ್ಲಿ ಕ್ಷಮಿಸಿದವರಲ್ಲ.

ಇಂಥ ಮನುಷ್ಯ ಬಂದು ನೆಲೆಸಿದ್ದು ಡಚ್ಚರ ನಾಡಿನ ನ್ಯೂವೆಗೈನ್‌ನಲ್ಲಿ. ಡಚ್ಚರು ಕೇಳುವುದು ಒಂದೇ ಸಲ. ಬೇಡವೆಂದರೆ ಬಿಸ್ಕತ್ತಿನ ಡಬ್ಬಿಗೆ ಮುಚ್ಚಳ ಬಿತ್ತು ಎಂದೇ ಲೆಕ್ಕ. ಜೈಡಾಸ್ ಎಂಬ ಆಫೀಸುಗಳ ಬಡಾವಣೆಯ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರ ಹುಟ್ಟುಹಬ್ಬದ ಕೇಕೂ ಅವರ ಹೊಟ್ಟೆ ಸೇರಲಿಲ್ಲ. ಆಮೇಲೆ ಹಸಿವು ಬುದ್ಧಿ ಕಲಿಸಿತು, ಆಫೀಸಿನಲ್ಲಿ ಒಂದೇ ಸಲಕ್ಕೆ 'ಯಾ' ಎಂದು ಅವರ ಭಾಷೆಯಲ್ಲೇ ಹೂಂ ಎನ್ನುವುದು ರೂಢಿಯಾಯಿತು. ಮನೆಯೊಳಗೆ ಮಾತ್ರ ಹಳೆಯ ಸಂಪ್ರದಾಯವೇ ನಡೆಯುತ್ತಿತ್ತು. ಭಾನುವಾರದ ಕೊನೆಯ ನೀರುದೋಸೆಯನ್ನೂ ಹೆಂಡತಿ ಶರ್ಮಿಳಾ ಮೂರು ಸಲ ಕೇಳಿಯೇ ತಟ್ಟೆಗೆ ಹಾಕಬೇಕಿತ್ತು.

ಕೊರೊನಾ ಬಂದಮೇಲೆ ಸಂಕಪ್ಪನವರ ಆಫೀಸು ಮನೆಯ ಅಟ್ಟಕ್ಕೆ ಬಂತು. ಕೆಳಗೆ ಮಗ ಸುಶಾಂತ್ ಮತ್ತು ಮಗಳು ಸಂಪ್ರೀತಾ ನಗುವುದು, ಕಿತ್ತಾಡುವುದು ಎಲ್ಲ ಮರದ ನೆಲದ ಮೂಲಕ ಕೇಳುತ್ತಿತ್ತು. ಎರಡು ವರ್ಷ ಒಂದೇ ಸೂರಿನಡಿ ಇದ್ದರೂ ಮಕ್ಕಳು ಅವರಿಗೆ ಸದ್ದಾಗಿ ಸಿಕ್ಕಿದ್ದೇ ಹೆಚ್ಚು. ಅಷ್ಟರಲ್ಲಿ ಮಗನಿಗೆ ಹದಿನೇಳಾಗಿತ್ತು. ಬೇಸಿಗೆ ಕಳೆದರೆ ಓದಲು ದೂರದ ಗ್ರೋನಿಂಗನ್‌ಗೆ ಹೋಗುವವನು. ಹಾಗಾಗಿ 2022ರ ಜನವರಿ ಕೊನೆಗೆ ಆಸ್ಟ್ರಿಯಾ ಮತ್ತೆ ಪ್ರವಾಸಿಗಳನ್ನು ಸಲೀಸಾಗಿ ಬಿಡುತ್ತದೆ ಎಂಬ ಸುದ್ದಿ ಬಂದು, ವಸಂತ ರಜೆಗೆ ಸ್ಕೀಯಿಂಗ್ ಹೋಗುವಾ ಎಂದು ಮಕ್ಕಳು ಕುಣಿದಾಗ, ಅವರಿಗಿಂತ ಜೋರಾಗಿ ಕುಣಿದದ್ದು ಅಪ್ಪನ ಮನಸ್ಸು. ನಾಲ್ವರೂ ಸೇರಿ ಹೋಗುವ ಕೊನೆಯ ರಜೆ ಇದೇ ಆದರೂ ಆಗಬಹುದು ಎಂದು ಅವರಿಗೆ ಅನ್ನಿಸಿತ್ತು. ವಸಂತ ಎನ್ನುವುದು ಹೆಸರಿಗಷ್ಟೇ, ಬಿಡಿ. ಫೆಬ್ರವರಿಯ ಕೊನೆಯಲ್ಲಿ, ಕಿವಿ ಕಿತ್ತುಹೋಗುವ ಗಾಳಿಯಲ್ಲಿ ಬರುವ ವಾರವನ್ನು ವಸಂತ ಎನ್ನಲು ಡಚ್ಚರ ಎದೆಗಾರಿಕೆಯೇ ಬೇಕು.

ತೊಡಕು ಒಂದೇ. ಮನೆಯಲ್ಲಿ ಮೂವರಿಗೆ ಸ್ಕೀಯಿಂಗ್ ಬರುತ್ತಿತ್ತು, ಸಂಕಪ್ಪನವರಿಗೆ ಬರುತ್ತಿರಲಿಲ್ಲ. ಕೊರೊನಾಕ್ಕಿಂತ ಮೊದಲು ಅವರೂ ಒಂದು ದಿನ ಕೃತಕ ಹಿಮದ ಇಳಿಜಾರಿನಲ್ಲಿ ಪಾಠಕ್ಕೆ ಹೋಗಿದ್ದರು. ನಿಲ್ಲುವುದು ಹೇಗೆ ಎಂದು ಮೇಷ್ಟ್ರು ಹೇಳುವ ಮೊದಲೇ ಹೊರಟುಬಿಟ್ಟು, ಸಾಲಾಗಿ ನಿಂತಿದ್ದ ಪುಟ್ಟ ಮಕ್ಕಳ ನಡುವೆ ಹೋಗಿ ಕುಕ್ಕರುಬಡಿದರು. ಮಕ್ಕಳಿಗೆ ಏನೂ ಆಗಲಿಲ್ಲ, "ಇನ್ನೊಮ್ಮೆ ಬನ್ನಿ" ಎಂದು ಚಪ್ಪಾಳೆ ತಟ್ಟಿದವು. ಸಂಕಪ್ಪನವರ ಮಂಡಿ ಬೊಡ್ಚಿ ಎಂದಿತು. ಅವರ ಜೀವಮಾನದಲ್ಲಿ ಪ್ರಾಮಾಣಿಕವಾಗಿ ಹೊರಟ ಬೊಡ್ಚಿ ಅದೊಂದೇ.

ಆದರೂ ಜಾಗ ಹುಡುಕುವ ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡರು. ಸುಶಾಂತ್‌ಗೆ ಎದೆ ಝಲ್ಲೆನ್ನಿಸುವ ಇಳಿಜಾರು ಬೇಕು. ಹದಿನೈದರ ಸಂಪ್ರೀತಾಗೆ ತನ್ನ ವಯಸ್ಸಿನವರು ಬೇಕು, ಅವರಿಗಿಂತ ಮೊದಲು ವೈಫೈ ಬೇಕು. ಶರ್ಮಿಳಾಗೆ ಆ ಕಬ್ಬಿಣದಂಥ ಬೂಟು ಹಾಕಿಕೊಂಡು ಹೆಚ್ಚು ನಡೆಯುವಂತಿರಬಾರದು. ಇಷ್ಟು ಸಿಕ್ಕಮೇಲೂ ಸಂಕಪ್ಪನವರ ಹುಡುಕಾಟ ಮುಗಿಯಲಿಲ್ಲ. 'ಸ್ಕೀ ಮಾಡದವರಿಗೆ' ಎಂಬ ತಲೆಬರಹದ ಕೆಳಗೆ ಇದ್ದುದನ್ನೆಲ್ಲ ಭಕ್ತಿಯಿಂದ ಓದಿದರು. ಕುದುರೆಗಾಡಿ, ಬಿಸಿನೀರಿನ ಕೊಳ, ಹಿಮದಲ್ಲಿ ನಡೆಯುವ ದಾರಿ. ಕೊನೆಗೆ ಸಿಕ್ಕಿದ ಹಳ್ಳಿಯಲ್ಲಿ ಸ್ಕೀ ಇಲ್ಲದವರೂ ರೋಪ್‌ವೇಯಲ್ಲಿ ಬೆಟ್ಟದ ತುದಿಗೆ ಹೋಗಬಹುದಿತ್ತು, ಅಲ್ಲೊಂದು ಕಾಫಿ ಹೋಟೆಲೂ ಇತ್ತು. ತಾನು ಅಲ್ಲಿ ಬಿಸಿ ಚಾಕೊಲೇಟು ಹಿಡಿದು ಕೂತ ಹಾಗೆ, ಮೂವರೂ ಕೆಳಗೆ ಜಾರಿಹೋಗುವಾಗ ಕೈ ಬೀಸಿದ ಹಾಗೆ, ಸುಶಾಂತ್ ತಿರುಗಿ ನೋಡಿದ ಹಾಗೆ ಅಟ್ಟದಲ್ಲಿ ಕೂತೇ ಕಂಡುಬಿಟ್ಟರು.

ಭಾನುವಾರ ಊಟದ ಮೇಜಿನಲ್ಲಿ ಸಂಪ್ರೀತಾ ಲ್ಯಾಪ್‌ಟಾಪ್ ತೆರೆದಳು. ರಜೆಯ ವಾರಕ್ಕೆ ಆ ಹಳ್ಳಿಯಲ್ಲಿ ಎರಡೇ ಮನೆ ಉಳಿದಿದ್ದವು, ನಾಲ್ವರದ್ದೊಂದು, ಮೂವರದ್ದೊಂದು.

"ಪಪ್ಪಾ, ನೀವು ಬರ್ತೀರಾ?"

ಸಂಕಪ್ಪನವರ ಎದೆ ಅರಳಿತು. ಎದೆ ಅರಳಿದಾಗ ಬಾಯಿ ಏನು ಹೇಳಬೇಕೋ ಅದನ್ನೇ ಹೇಳಿತು. "ನಾನು ಯಾಕೆ ಮಾರಾಯ್ತಿ? ನೀವು ಮೂವರು ಹೋಗಿ ಬನ್ನಿ."

"ಓಕೆ," ಎಂದಳು ಸಂಪ್ರೀತಾ, ಮೂವರ ಮನೆಯನ್ನು ಬುಕ್ ಮಾಡಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಕಪ್ಪನವರು ಇಂಗು ತಿಂದ ಮಂಗನಂತೆ ಹೆಂಡತಿಯ ಕಡೆ ನೋಡಿದರು. ಶರ್ಮಿಳಾ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ಹೊತ್ತಿಗೆ ಅವಳೊಂದು ತೀರ್ಮಾನ ಮಾಡಿಯಾಗಿತ್ತು, ಅದು ಗಂಡನಿಗೆ ತಿಳಿಯಲಿಲ್ಲ.

ಅಂದಿನಿಂದ ಅವರು ಎರಡನೇ ಸಲದ ಕರೆಗೆ ಕಾದರು. ಊಟಕ್ಕೆ ಉಣ್ಣೆಯ ಟೊಪ್ಪಿ ಹಾಕಿಕೊಂಡು ಬಂದರು. "ಚಳಿಯಾ ಪಪ್ಪಾ?" ಎಂದು ಸಂಪ್ರೀತಾ ಹೀಟರ್ ಏರಿಸಿದಳು. "ಆ ಕುದುರೆಗಾಡಿಯಲ್ಲಿ ನಾಲ್ಕು ಜನ ಕೂತ್ಕೊಳ್ಬಹುದಂತೆ" ಎಂದರು. "ಒಳ್ಳೆದಾಯ್ತು, ಬ್ಯಾಗ್ ಇಡ್ಲಿಕ್ಕೆ ಜಾಗ ಉಂಟು" ಎಂದ ಸುಶಾಂತ್. ಸಮಾಧಾನಕ್ಕೆಂದು ರೈಸ್‌ವೈಕ್‌ನಲ್ಲಿದ್ದ ಮೈಸೂರಿನ ಗೆಳೆಯ ಮುರಳೀಧರನಿಗೆ ಫೋನ್ ಮಾಡಿದರೆ, ಅವನು "ಒಂದ್ ವಾರ ಮನೇಲಿ ಒಬ್ನೇನಾ? ಎರಡ್ ವರ್ಷದಿಂದ ನಾನು ಇದಕ್ಕೇ ಹರಕೆ ಹೊತ್ಕೊಂಡಿದೀನಿ ಕಣೋ!" ಎಂದು ಹೊಟ್ಟೆ ಉರಿದುಕೊಂಡ. ಸಂಕಪ್ಪನವರು ಫೋನಿಟ್ಟು ಅಟ್ಟ ಹತ್ತಿದರು. ಅವರಿಗೆ ನಿಜವಾಗಿ ಅಳು ಬಂದಿತ್ತು.

ಹೊರಡುವ ಹಿಂದಿನ ದಿನ ಸಂಜೆ ಹಾಲ್ ತುಂಬ ಬ್ಯಾಗುಗಳು. ಮೂವರ ಲಸಿಕೆಯ ಕ್ಯೂಆರ್ ಕೋಡ್ ಪ್ರಿಂಟ್ ಮಾಡಿಕೊಟ್ಟವರು, ಹಿಮದಲ್ಲಿ ಜಾರದಂತೆ ಕಾರಿನ ಚಕ್ರಕ್ಕೆ ಕಟ್ಟುವ ಚೈನು ತಂದವರು, ದಾರಿಗೆ ಚಟ್ನಿಪುಡಿ ಕಟ್ಟಿದವರು ಸಂಕಪ್ಪನವರೇ. ಸುಶಾಂತ್ ಅಪ್ಪನ ಕೈಗವಸು ಎತ್ತಿ ತೋರಿಸಿ ಕೇಳಿದ:

"ಪಪ್ಪಾ, ಇದು ನಿಮಗೆ ಹೇಗೂ ಬೇಡ ಅಲ್ವಾ?"

ಕಟ್ಟೆ ಒಡೆಯಿತು.

"ಒಬ್ಬರಾದ್ರೂ ಕೇಳಿದ್ರಾ?" ಸಂಕಪ್ಪನವರು ಗುಡುಗಿದರು. "ಊರೆಲ್ಲ ಹುಡುಕಿದ್ದು ನಾನು, ಬೆಟ್ಟ ಹುಡುಕಿದ್ದು ನಾನು. ಪಪ್ಪಾ ಬನ್ನಿ ಅಂತ ಇನ್ನೊಂದು ಮಾತು ಕೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ಮಕ್ಕಳು ಕಕ್ಕಾಬಿಕ್ಕಿಯಾದರು. "ಆದ್ರೆ ನೀವು ನೋ ಅಂದ್ರಲ್ಲ," ಎಂದಳು ಸಂಪ್ರೀತಾ. "ನೋ ಅಂದವರನ್ನು ಮತ್ತೆ ಮತ್ತೆ ಕೇಳಬಾರ್ದು ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದಾರೆ."

ಸಂಕಪ್ಪನವರು ಹೆಂಡತಿಯ ಕಡೆ ತಿರುಗಿದರು. "ಅವಕ್ಕೆ ಗೊತ್ತಿಲ್ಲ. ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು," ಎಂದಳು ಶರ್ಮಿಳಾ, ಮಡಚುತ್ತಿದ್ದ ಸ್ವೆಟರನ್ನು ಕೆಳಗಿಡದೆ. "ಇಪ್ಪತ್ತು ವರ್ಷ ದೋಸೆಗೂ ಮೂರು ಸಲ, ಚಾಕ್ಕೂ ಮೂರು ಸಲ ಕೇಳಿದೆ. ನನಗೆ ಸಾಕಾಯ್ತು. ಈ ಸಲ ನೀವೇ ಬಾಯಿಬಿಟ್ಟು ಹೇಳಿ ಅಂತ ಕಾದೆ. ನೀವು ಟೊಪ್ಪಿ ಹಾಕಿಕೊಂಡು ಬಂದ್ರಿ!"

ಸಂಪ್ರೀತಾ ಕಿಸಕ್ಕನೆ ನಕ್ಕಳು. ಸುಶಾಂತ್ ನಗಲಿಲ್ಲ. ಕೈಗವಸನ್ನು ತಿರುಗಿಸುತ್ತಾ ನಿಂತಿದ್ದ.

"ಪಪ್ಪಾ, ನನ್ನ ಫುಟ್‌ಬಾಲ್ ಫೈನಲ್‌ಗೂ 'ನಾನು ಯಾಕೆ' ಅಂದಿದ್ರಿ. ಸ್ಕೂಲಲ್ಲಿ ಗಿಟಾರ್ ನುಡಿಸುವಾಗಲೂ ಅದೇ. ಅದೆಲ್ಲ ಸುಳ್ಳಾ?"

ಫೈನಲ್ ದಿನ ಸಂಕಪ್ಪನವರು ಕಾರಿನ ಕೀ ಕೈಯಲ್ಲಿ ಹಿಡಿದೇ ಹಾಲ್‌ನಲ್ಲಿ ಕೂತಿದ್ದರು. ಹುಡುಗ ಇನ್ನೊಮ್ಮೆ ಕರೆಯಲಿ ಎಂದು.

"ನಿಮಗೆ ಬರ್ಲಿಕ್ಕೆ ಇಷ್ಟ ಇಲ್ಲ ಅಂದುಕೊಂಡೆ," ಎಂದ ಸುಶಾಂತ್. "ಹಾಗಾಗಿ ಆಮೇಲೆ ಕೇಳೂದೇ ಬಿಟ್ಟೆ."

ಇಷ್ಟು ವರ್ಷ ತಾನು ಮರ್ಯಾದೆಗೆ ಆಡಿದ್ದನ್ನೆಲ್ಲ ಈ ಹುಡುಗ ನಿಜವೆಂದೇ ನಂಬಿದ್ದ. ಸಂಕಪ್ಪನವರು ಮೂರು ಸಲ ಗಂಟಲು ಸರಿಮಾಡಿಕೊಂಡರು.

"ಬೋಡು," ಎಂದರು. ತುಳುವಿನ ಆ ಬೇಕು ಎಷ್ಟು ಮೆಲ್ಲಗೆ ಬಂತೆಂದರೆ, ಕೇಳಿತೋ ಇಲ್ಲವೋ ಎಂದು ಅವರೇ ಮತ್ತೆ ಹೇಳಬೇಕಾಯಿತು. "ನನಗೆ ಬರ್ಬೇಕು. ನಿಮ್ಮೊಟ್ಟಿಗೆ ಬರ್ಬೇಕು."

ಆಮೇಲೆ ಗಲಾಟೆಯೋ ಗಲಾಟೆ. ಶರ್ಮಿಳಾ ಆಸ್ಟ್ರಿಯಾದ ಮನೆಯೊಡತಿಗೆ ಫೋನ್ ಮಾಡಿದಳು. ಬೇರೆ ಮನೆ ಖಾಲಿ ಇಲ್ಲ, ಬೇಕಾದರೆ ಕಾರಿಡಾರಿನಲ್ಲಿ ಬೂಟು ಇಡುವ ಕಪಾಟಿನ ಪಕ್ಕ ಚಿಕ್ಕ ಮಕ್ಕಳ ಮಂಚವೊಂದನ್ನು ಹಾಕಿಕೊಡುತ್ತೇನೆ ಎಂದಳು ಆ ಪುಣ್ಯಾತ್ಗಿತ್ತಿ. ಸಂಕಪ್ಪನವರು ಅಷ್ಟರಲ್ಲೇ ಟೊಪ್ಪಿ, ಶಾಲು, ಮಂಡಿಯ ಎಣ್ಣೆ ಎಲ್ಲ ತಂದು ಬ್ಯಾಗಿಗೆ ತುರುಕುತ್ತಿದ್ದರು.

"ಪಪ್ಪಾ, ನಿಮ್ಮ ಮಂಡಿಗೆ ಆ ಚಿಕ್ಕ ಮಂಚ ಆಗೂದಿಲ್ಲ," ಎಂದ ಸುಶಾಂತ್, ಅಪ್ಪನಿಗಿಂತ ಒಂದು ಗೇಣು ಎತ್ತರದವನು. "ನನ್ನ ಮಂಚದಲ್ಲಿ ನೀವು ಮಲಗಿ. ಕಾರಿಡಾರಲ್ಲಿ ನಾನು ಮಲಗ್ತೇನೆ."

"ಬೇಡ ಮಗಾ," ಎಂದರು ಸಂಕಪ್ಪನವರು.

ಸುಶಾಂತ್ ಸರಿ ಎಂದು ಹೊರಟವನು ಬಾಗಿಲಲ್ಲಿ ನಿಂತ. ಅಪ್ಪನ ಮುಖವನ್ನೇ ನೋಡಿದ.

"ಪಪ್ಪಾ, ಇದು ನಿಜವಾದ ಬೇಡವಾ? ಅಲ್ಲ, ಇನ್ನೊಮ್ಮೆ ಕೇಳ್ಬೇಕಾ?"

ಸಂಕಪ್ಪನವರು ಬ್ಯಾಗಿನ ಜಿಪ್ಪಿನೊಡನೆ ಹೆಣಗಾಡುತ್ತಾ, ತಲೆ ಎತ್ತದೆ ಹೇಳಿದರು:

"ಇನ್ನೊಮ್ಮೆ ಕೇಳು."